ಪತ್ರಿಕಾಕರ್ತ ಡಿ.ವಿ.ಜಿ. ಮತ್ತು ಪತ್ರಿಕೆಯ ಅನ್ನದ ಪ್ರಶ್ನೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ನಾಡಿನ ಹಿರಿಯರೊಬ್ಬರ ಜೀವನ ಪರಿಚಯ ಇರಲೇಬೇಕು ಅಂತ ಆಡಳಿತ ಮಂಡಲಿಯವರು ತೀರ್ಮಾನ ಮಾಡಿದರು. ಸಹಕಾರ ಸಂಘದ ಸಂಚಿಕೆ ಅಂದಮೇಲೆ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರನ್ನು ನೆನೆಯುವುದು ವಾಡಿಕೆ. ಆ ಮಹನೀಯರಿಗೆ ಇಲ್ಲಿಂದಲೇ ಕೈಮುಗಿದು, ನಾವು ಈ ಸಲ ಬೇರೊಬ್ಬರನ್ನು ಆರಿಸಿಕೊಂಡಿದ್ದೇವೆ. ಅವರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು, ಅಂದರೆ ನಮ್ಮೆಲ್ಲರ ಡಿ.ವಿ.ಜಿ.

ಡಿ.ವಿ.ಜಿ. ಅಂದ ಕೂಡಲೇ ಜನರಿಗೆ ನೆನಪಾಗುವುದು ಮಂಕುತಿಮ್ಮನ ಕಗ್ಗ. ಅದು ಸರಿಯೇ. ಆದರೆ ಕಗ್ಗ ಅಚ್ಚಾದದ್ದು 1943ರಲ್ಲಿ, ಅವರಿಗೆ ಐವತ್ತಾರು ತುಂಬಿದ ಮೇಲೆ. ಅದಕ್ಕೂ ಮೊದಲು ಮೂವತ್ತೈದು ವರ್ಷ ಅವರ ಹೊಟ್ಟೆಪಾಡು, ಹಟ, ಚಿಂತೆ ಎಲ್ಲವೂ ವೃತ್ತಪತ್ರಿಕೆಯೇ. ಆ ಪತ್ರಿಕೆಗೆ ದುಡ್ಡು ಎಲ್ಲಿಂದ ಬರಬೇಕು, ಯಾರ ಕೈಯಿಂದ ಬಂದರೆ ಕೊಳೆಯಾಗುವುದಿಲ್ಲ ಅನ್ನುವುದು ಅವರು ಆಯುಷ್ಯ ಪೂರ್ತಿ ಬಿಡಿಸುತ್ತಾ ಹೋದ ಗಂಟು. ದುಡ್ಡು ಮತ್ತು ನಂಬಿಕೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿರುವ ನಮ್ಮಂಥ ಸಂಘದವರಿಗೆ ಈ ಕಥೆ ದೂರದ್ದಲ್ಲ.

ಊರೂ ದೂರದ್ದಲ್ಲ. ಡಿ.ವಿ.ಜಿ. ಹುಟ್ಟಿದ್ದು 1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ. ನಮ್ಮ ಊರ ಮುಂದೆ ಹಾದುಹೋಗುವ ಹಳೇ ಮದರಾಸು ರಸ್ತೆಯನ್ನೇ ಹಿಡಿದು ಹೊಸಕೋಟೆ, ನರಸಾಪುರ, ಕೋಲಾರ ದಾಟಿದರೆ ಮುಳಬಾಗಿಲು. ರೈಲಿನಲ್ಲಿ ಬರುವವರು ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಗೆ ಬಂದು ಹತ್ತಿದರೆ ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ, ಆಮೇಲೆ ಕಂಟೋನ್ಮೆಂಟು, ಕಡೆಗೆ ಸಿಟಿ. ಆ ಸೀಮೆಯಿಂದ ಬೆಂಗಳೂರಿಗೆ ಬದುಕು ಹುಡುಕಿಕೊಂಡು ಹೊರಟವರೆಲ್ಲ ನಮ್ಮ ಹೊಲ, ಕೆರೆಗಳ ಪಕ್ಕದಲ್ಲೇ ಹಾದುಹೋಗಬೇಕಿತ್ತು.

ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಇವತ್ತಿನ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಫೇಲು. ನಪಾಸಾದ ಮಕ್ಕಳನ್ನು ಮನೆಯಲ್ಲಿ ಬೈಯುವ ಮುಂಚೆ ತಂದೆತಾಯಿಗಳು ಇದನ್ನು ಸ್ವಲ್ಪ ಜ್ಞಾಪಕ ಇಟ್ಟುಕೊಂಡರೆ ಒಳ್ಳೇದು. ಹುಡುಗ ಊರಲ್ಲಿ ಕೆಲವು ದಿನ ಮೇಷ್ಟ್ರ ಕೆಲಸ ಮಾಡಿದರು. ಚಿನ್ನದ ಗಣಿಯ ಸೀಮೆಯಲ್ಲಿ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆಯೂ ಇದ್ದರು. ಸಂಸ್ಕೃತ, ಇಂಗ್ಲಿಷು ಎರಡನ್ನೂ ಸ್ವಂತ ಓದಿನಿಂದಲೇ ಗಟ್ಟಿ ಮಾಡಿಕೊಂಡರು. ಕಡೆಗೆ ಇಪ್ಪತ್ತರ ವಯಸ್ಸಿನ ಹೊತ್ತಿಗೆ ಸೇರಿಕೊಂಡದ್ದು ಸೂರ್ಯೋದಯ ಪ್ರಕಾಶಿಕೆ ಎಂಬ ಕನ್ನಡ ಪತ್ರಿಕೆಯ ಕಚೇರಿಗೆ.

ಆಗಿನ ಬೆಂಗಳೂರು ಒಂದು ಊರಲ್ಲ, ಎರಡು. ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಇಂದಿನ ಮಕ್ಕಳಿಗೆ ಅರ್ಥವಾಗುವುದಿಲ್ಲ. ಕಬ್ಬನ್ ಪಾರ್ಕಿನ ಆ ಕಡೆ ಪೇಟೆ, ಅಲ್ಲಿ ಮಹಾರಾಜರ ಮೈಸೂರು ಸರ್ಕಾರ. ಈ ಕಡೆ ದಂಡು, ಅಂದರೆ ಕಂಟೋನ್ಮೆಂಟು. ಬ್ರಿಟಿಷರು 1809ರಲ್ಲಿ ಹಲಸೂರಿನ ಪಕ್ಕ ದಂಡು ಇಳಿಸಿದ ಮೇಲೆ ಬೆಳೆದ ಊರು ಅದು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸು ಕೊಟ್ಟಾಗಲೂ ದಂಡಿನ ಪ್ರದೇಶವನ್ನು ಮಾತ್ರ ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಈಗಿನ ಶಿವಾಜಿನಗರಕ್ಕೆ ಆಗ ಬ್ಲಾಕ್‌ಪಲ್ಲಿ ಅಂತ ಹೆಸರು. ಅಲ್ಲಿ ರೆಸಿಡೆಂಟರ ಆಡಳಿತ, ಬೇರೆ ಕೋರ್ಟು, ಬೇರೆ ಮುನಿಸಿಪಾಲಿಟಿ. ತಮಿಳು, ಉರ್ದು, ತೆಲುಗು, ಇಂಗ್ಲಿಷು ಓಡಾಡುತ್ತಿದ್ದ ಬೀದಿಗಳು. ಡೈಲಿ ಪೋಸ್ಟ್ ಎಂಬ ಇಂಗ್ಲಿಷ್ ಪತ್ರಿಕೆ ಅಲ್ಲಿಯದು. ಆ ಓದುಗರಲ್ಲಿ ದುಡ್ಡಿತ್ತು, ದೊಡ್ಡ ಅಂಗಡಿಗಳ ಜಾಹೀರಾತು ಇತ್ತು. ಕೃಷ್ಣರಾಜಪುರದ ಸುತ್ತಿನ ನಮ್ಮ ಹಳ್ಳಿಗಳು ದಂಡಿನ ಗಡಿಯ ಹೊರಗೆ, ಮೈಸೂರು ಸೀಮೆಯಲ್ಲೇ ಇದ್ದವು. ದಂಡಿಗೆ ಹಾಲು, ತರಕಾರಿ, ಸೌದೆ ಹೋಗುತ್ತಿದ್ದದ್ದು ಸುತ್ತಲಿನ ಹಳ್ಳಿಗಳಿಂದ. ಆ ಹಳ್ಳಿಗಳ ಸುದ್ದಿ ಮಾತ್ರ ಅಲ್ಲಿನ ಇಂಗ್ಲಿಷ್ ಪತ್ರಿಕೆಗಳಿಗೆ ಬೇಕಿರಲಿಲ್ಲ.

ಪೇಟೆ ಕಡೆಯ ಪತ್ರಿಕೆಗಳಿಗೆ 1908ರಲ್ಲಿ ಏಟು ಬಿತ್ತು. ವಿ.ಪಿ. ಮಾಧವರಾಯರು ದಿವಾನರಾಗಿದ್ದ ಕಾಲ. ಮೈಸೂರು ಸರ್ಕಾರ ವೃತ್ತಪತ್ರಿಕೆಗಳನ್ನು ಹತೋಟಿಯಲ್ಲಿಡಲು ಒಂದು ಕಾನೂನು ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಬೇಡವೆನಿಸಿದರೆ ಸರ್ಕಾರ ಆ ಅಪ್ಪಣೆಯನ್ನು ಕಿತ್ತುಕೊಳ್ಳಬಹುದು. ಒಂದಾದ ಮೇಲೊಂದು ಪತ್ರಿಕೆ ಬಾಗಿಲು ಹಾಕಿದವು. ಮೈಸೂರಿನಲ್ಲಿ ಜನ ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇಂಥ ಕಾನೂನಿನ ಕೆಳಗೆ ಬರೆಯುವುದಿಲ್ಲ ಅಂತ ತಮ್ಮ ವೃತ್ತಾಂತ ಚಿಂತಾಮಣಿಯನ್ನೇ ನಿಲ್ಲಿಸಿದರು. ಆ ತಾತಯ್ಯನವರೇ ಮೈಸೂರಿನಲ್ಲಿ ಅನಾಥಾಲಯ ಕಟ್ಟಿದವರು. ಅನಾಥ ಮಕ್ಕಳಿಗೆ ಅನ್ನ ಹಾಕುವುದೂ ಜನಕ್ಕೆ ನಿಜ ತಿಳಿಸುವುದೂ ಅವರ ಪಾಲಿಗೆ ಒಂದೇ ಜಾತಿಯ ಕೆಲಸವಾಗಿತ್ತು ಅಂತ ನಮಗೆ ಕಾಣುತ್ತೆ. ಗುಂಡಪ್ಪನವರ ಪತ್ರಿಕೆಯೂ ನಿಂತಿತು. ಅವರು ಕೆಲಸ ಕಳೆದುಕೊಂಡು ಮದರಾಸಿಗೆ ಹೋಗಿ, ಅಲ್ಲಿಯ ಪತ್ರಿಕೆಗಳಿಗೆ ಬರೆದು ಕೆಲವು ಕಾಲ ದಿನ ತೆಗೆದರು.

ವಾಪಸು ಬಂದ ಮೇಲೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾದ ಹೊಸದರಲ್ಲಿ, 1913ರ ಸುಮಾರಿಗೆ ಡಿ.ವಿ.ಜಿ. ತಮ್ಮದೇ ಕರ್ನಾಟಕ ಪತ್ರಿಕೆ ಶುರು ಮಾಡಿದರು. ಹೆಸರು ಕನ್ನಡದ್ದಾದರೂ ಪತ್ರಿಕೆ ಇಂಗ್ಲಿಷಿನದು, ವಾರಕ್ಕೆ ಎರಡು ಸಲ ಬರುತ್ತಿತ್ತು. ಆಡಳಿತ ನಡೆಸುವವರ ಕಿವಿಗೆ ಬೀಳಬೇಕು ಅನ್ನುವುದು ಅದರ ಉದ್ದೇಶ. ವಿಶ್ವೇಶ್ವರಯ್ಯನವರ ಮೇಲೆ ಅವರಿಗೆ ಅಪಾರ ಗೌರವ. ಆದರೆ ಗೌರವ ಬೇರೆ, ಪತ್ರಿಕೆ ಬೇರೆ. ಸರಿಯಿಲ್ಲ ಅನ್ನಿಸಿದ್ದನ್ನು ದಿವಾನರ ವಿಚಾರದಲ್ಲೂ ಬರೆಯುತ್ತಿದ್ದರು.

ಪತ್ರಿಕೆಯ ಜಮಾ-ಖರ್ಚು ಹೇಗಿರುತ್ತೆ ಅನ್ನುವುದನ್ನು ಇಲ್ಲಿ ಹೇಳಬೇಕು, ಯಾಕಂದ್ರೆ ಎಲ್ಲ ತೊಂದರೆ ಇರುವುದು ಅಲ್ಲೇ. ಖರ್ಚಿನ ಕಡೆ ಕಾಗದ, ಮಸಿ, ಅಚ್ಚುಮೊಳೆ ಜೋಡಿಸುವವರ ಕೂಲಿ, ಅಂಚೆ. ಇದು ಯಾವುದೂ ಸಾಲ ಹೇಳಿದರೆ ನಡೆಯುವುದಿಲ್ಲ. ಜಮಾ ಕಡೆ ಮೂರೇ ಬಾಬತ್ತು. ಒಂದು, ಚಂದಾ. ಓದು ಬಲ್ಲವರೇ ಕಡಿಮೆ ಇದ್ದ ಕಾಲ. ಒಂದು ಪ್ರತಿಯನ್ನು ಒಂದು ಬೀದಿಯೇ ಓದುತ್ತಿತ್ತು, ಚಂದಾ ಕಟ್ಟುವವರು ಒಬ್ಬರು. ಆ ಒಬ್ಬರೂ ವರ್ಷಗಟ್ಟಲೆ ಬಾಕಿ. ನಮ್ಮ ಸಂಘದಲ್ಲಿ ಸುಸ್ತಿದಾರರ ಪಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೇದು ಜಾಹೀರಾತು. ಕೊಡುವ ದೊಡ್ಡ ಅಂಗಡಿಗಳು ದಂಡಿನಲ್ಲಿ, ಅವರಿಗೆ ದಂಡಿನ ಪತ್ರಿಕೆ ಸಾಕು. ಮೂರನೇದು ಸರ್ಕಾರ, ಅಂದರೆ ಪ್ರಕಟಣೆ, ಸಹಾಯಧನ, ಸಗಟು ಚಂದಾ. ಇದು ಕೈಗೆ ಸುಲಭವಾಗಿ ಬರುವ ದುಡ್ಡು. ಆದರೆ ಯಾರ ಮೇಲೆ ಕಣ್ಣಿಟ್ಟು ಬರೆಯಬೇಕೋ ಅವರದೇ ದುಡ್ಡು.

ಡಿ.ವಿ.ಜಿ. ಆ ಮೂರನೇ ಬಾಬತ್ತನ್ನು ತಮ್ಮ ಮಟ್ಟಿಗೆ ಮುಟ್ಟಲಿಲ್ಲ. ಸರ್ಕಾರಕ್ಕಾಗಿ, ದಿವಾನರಿಗಾಗಿ ಮಾಡಿಕೊಟ್ಟ ಬರವಣಿಗೆ ಕೆಲಸಗಳಿಗೆ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಹಾಗೇ ಇಟ್ಟಿದ್ದರು, ಅವರು ಹೋದ ಮೇಲೆ ಆ ಚೆಕ್ಕುಗಳು ಟ್ರಂಕಿನಲ್ಲಿ ಸಿಕ್ಕವು ಅಂತ ಅವರನ್ನು ಬಲ್ಲವರು ಬರೆದಿದ್ದಾರೆ. ಮನೆಯವರಾದ ಭಾಗೀರಥಮ್ಮನವರು ಒಂದು ಸಮಾರಂಭಕ್ಕೆ ಹೊರಡಲಿಲ್ಲವಂತೆ, ಉಟ್ಟುಕೊಂಡು ಹೋಗಲು ಹರಿಯದ ಸೀರೆ ಇರಲಿಲ್ಲವಂತೆ, ಆ ಸ್ಥಿತಿಯಲ್ಲಿ ಹೋದರೆ ಯಜಮಾನರ ಮಾನ ಹೋಗುತ್ತೆ ಅಂತ ಮನೆಯಲ್ಲೇ ಉಳಿದರಂತೆ. ಈ ಕಥೆಯನ್ನು ನಾಡಿನ ಎಷ್ಟೋ ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಭಾಗೀರಥಮ್ಮನವರು 1924ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಡಿ.ವಿ.ಜಿ. ಮತ್ತೆ ಮದುವೆಯಾಗಲಿಲ್ಲ. ಮಕ್ಕಳಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಮುಂದೆ ಸಸ್ಯಶಾಸ್ತ್ರಜ್ಞರಾಗಿ, ಹಸುರು ಹೊನ್ನು ಬರೆದವರಾಗಿ ಹೆಸರಾದರು.

ಸೀರೆಯ ಕಥೆಗೆ ನಾವು ಚಪ್ಪಾಳೆ ಹೊಡೆಯುವುದಿಲ್ಲ. ಅದನ್ನು ಕೇಳಿದಾಗ ನಮಗೆ ಮೊದಲು ಬರುವುದು ಸಂಕಟ, ಆಮೇಲೆ ಕೋಪ. ಒಂದು ಊರಿಗೆ ನಿಜ ಹೇಳುವ ಪತ್ರಿಕೆ ಬೇಕು, ಆದರೆ ಅದರ ಖರ್ಚನ್ನು ಊರು ಕೊಡುವುದಿಲ್ಲ, ಸಂಪಾದಕನ ಹೆಂಡತಿ ಕೊಡಬೇಕು ಅಂದರೆ ಅದು ಯಾವ ನ್ಯಾಯ? ಆ ಪತ್ರಿಕೆಯ ನಿಜವಾದ ದಾನಿ ಭಾಗೀರಥಮ್ಮನವರು. ಅವರ ಹೆಸರು ಯಾವ ಪುಟದಲ್ಲೂ ಅಚ್ಚಾಗಲಿಲ್ಲ. ಇಷ್ಟೆಲ್ಲ ಮಾಡಿಯೂ ಕರ್ನಾಟಕ ಪತ್ರಿಕೆ ಏಳೆಂಟು ವರ್ಷಕ್ಕಿಂತ ಹೆಚ್ಚು ನಡೆಯಲಿಲ್ಲ. ಒಬ್ಬ ಪ್ರಾಮಾಣಿಕನ ಬಡತನವನ್ನೇ ಬಂಡವಾಳ ಮಾಡಿಕೊಂಡ ಪತ್ರಿಕೆಗೆ ಅವನ ಮೈ ಸೋತ ದಿನವೇ ಕಡೆಯ ದಿನ. ಆಮೇಲೆ ಡಿ.ವಿ.ಜಿ. ಬೇರೆ ಪತ್ರಿಕೆಗಳ ಪ್ರಯತ್ನವನ್ನೂ ಮಾಡಿದರು, ಅವೂ ಬಹಳ ಕಾಲ ನಿಲ್ಲಲಿಲ್ಲ.

ಈ ಪೆಟ್ಟಿನಿಂದ ಅವರು ಸುಮ್ಮನಾಗದೆ ವಿಚಾರ ಮಾಡಿದರು ಅನ್ನುವುದೇ ನಮಗೆ ಮುಖ್ಯ. 1928ರಲ್ಲಿ ಬಾಗಲಕೋಟೆಯಲ್ಲಿ ಪತ್ರಿಕಾಕರ್ತರ ಸಮ್ಮೇಳನ ಸೇರಿದಾಗ ಅದಕ್ಕೆ ಅವರೇ ಅಧ್ಯಕ್ಷರು. ವೃತ್ತಪತ್ರಿಕೆ ಅಂತಲೇ ಹೆಸರಿಟ್ಟು ಕನ್ನಡದಲ್ಲಿ ಒಂದು ಪುಸ್ತಕ ಬರೆದರು. ಪತ್ರಿಕೆ ಅಂಗಡಿಯೂ ಅಲ್ಲ, ಸರ್ಕಾರದ ಇಲಾಖೆಯೂ ಅಲ್ಲ, ಪ್ರಜೆಗಳಿಗೆ ರಾಜ್ಯದ ವ್ಯವಹಾರ ತಿಳಿಸುವ ಶಾಲೆಯಂಥದು ಎಂಬುದು ಅವರ ನಿಲುವಾಗಿತ್ತು. 1926ರಿಂದ 1940ರವರೆಗೆ ಮೈಸೂರಿನ ಶಾಸನ ಪರಿಷತ್ತಿನಲ್ಲಿ ಸದಸ್ಯರಾಗಿ ಕೂತು, ಸರ್ಕಾರ ಒಳಗಿನಿಂದ ಹೇಗೆ ನಡೆಯುತ್ತೆ ಅಂತ ಕಣ್ಣಾರೆ ನೋಡಿದರು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು. ಆ ವಿಷಯ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾವು ಇಲ್ಲಿ ಬೆಳೆಸುವುದಿಲ್ಲ.

ಅವರ ಕಣ್ಣ ಮುಂದೆ ಇದ್ದ ಮಾದರಿ ಗೋಪಾಲಕೃಷ್ಣ ಗೋಖಲೆಯವರು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕರ ಸಮಾಜ ಕಟ್ಟಿದರು. ಸೇರಿದವರಿಗೆ ಸಂಸಾರ ತೂಗುವಷ್ಟು ಮಾತ್ರ ವೇತನ, ಉಳಿದದ್ದೆಲ್ಲ ದೇಶದ ಕೆಲಸ. ಅದೇ ಸಮಾಜ 1918ರಿಂದ ಸರ್ವೆಂಟ್ ಆಫ್ ಇಂಡಿಯಾ ಎಂಬ ವಾರಪತ್ರಿಕೆ ನಡೆಸಿತು, ಶ್ರೀನಿವಾಸ ಶಾಸ್ತ್ರಿಗಳು ಅದರ ಮೊದಲ ಸಂಪಾದಕರು. ಪತ್ರಿಕೆ ಯಾರ ಮನೆಯ ಆಸ್ತಿಯೂ ಅಲ್ಲ, ಸಂಸ್ಥೆಯದು. ಬರೆಯುವವನ ಹೆಂಡತಿ ಮಕ್ಕಳಿಗೆ ಅನ್ನ ಇದೆ, ಆದರೆ ಲಾಭ ಯಾರಿಗೂ ಇಲ್ಲ. ಗೋಖಲೆಯವರು 1915ರ ಫೆಬ್ರವರಿಯಲ್ಲಿ ಕಾಲವಾದರು. ಆ ಹೆಸರಿನಲ್ಲಿ ಬೆಂಗಳೂರಿನಲ್ಲಿ ಏನಾದರೂ ನಿಲ್ಲಿಸಬೇಕು ಅನ್ನುವುದು ಡಿ.ವಿ.ಜಿ.ಯವರ ಮನಸ್ಸಿನಲ್ಲಿ ಮೂವತ್ತು ವರ್ಷ ಇತ್ತು. 1945ರ ಫೆಬ್ರವರಿಯಲ್ಲಿ ಗೆಳೆಯರನ್ನು ಕೂಡಿಸಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಶುರು ಮಾಡಿದರು. ನ್ಯಾಯಮೂರ್ತಿ ನಿಟ್ಟೂರು ಶ್ರೀನಿವಾಸರಾಯರಂಥವರು ಜೊತೆಗಿದ್ದರು. ಆಗ ಡಿ.ವಿ.ಜಿ.ಗೆ ಐವತ್ತೇಳು ವರ್ಷ, ನೌಕರಿಯವರು ಪೆನ್‌ಷನ್ ತೆಗೆದುಕೊಂಡು ಮನೆಯಲ್ಲಿ ಕೂರುವ ವಯಸ್ಸು.

ಆ ಸಂಸ್ಥೆ ಪಬ್ಲಿಕ್ ಅಫೇರ್ಸ್ ಎಂಬ ಮಾಸಪತ್ರಿಕೆ ಹೊರಡಿಸಿತು, ಸಂಪಾದಕರು ಡಿ.ವಿ.ಜಿ.ಯೇ. ಸಂವಿಧಾನ, ಚುನಾವಣೆ, ಬಜೆಟ್ಟು, ಪಕ್ಷಗಳ ನಡವಳಿಕೆ, ಪ್ರಜೆಯ ಹೊಣೆ ಇವೇ ಅದರ ವಿಷಯಗಳು. ಮೂವತ್ತು ವರ್ಷ ಹಿಂದೆ ಒಬ್ಬರೇ ಹೆಗಲ ಮೇಲೆ ಹೊತ್ತು ನಡೆಸಿದ್ದ ಕೆಲಸವೇ ಇದು. ಈಗ ಹೊರುವುದಕ್ಕೆ ಒಂದು ಸಂಸ್ಥೆ ಇತ್ತು. ಸದಸ್ಯರ ಚಂದಾ ಇತ್ತು, ಸಣ್ಣ ದೊಡ್ಡ ದಾನಗಳಿದ್ದವು, ಗ್ರಂಥಾಲಯ, ಓದುವ ಕೊಠಡಿ, ಉಪನ್ಯಾಸಗಳಿದ್ದವು. ಪತ್ರಿಕೆಗೆ ನಷ್ಟವಾದರೆ ಸಂಸ್ಥೆಗೆ ಖರ್ಚು, ಸಂಪಾದಕನ ಮನೆಗಲ್ಲ. ಡಿ.ವಿ.ಜಿ. ಅಲ್ಲಿ ಸಂಬಳ ತೆಗೆದುಕೊಳ್ಳಲಿಲ್ಲ ಅನ್ನುವುದು ನಿಜ. ಅದು ಅವರ ಸ್ವಭಾವ, ಸಂಸ್ಥೆಯ ನಿಯಮ ಹಾಗಿರಬೇಕು ಅಂತಲ್ಲ.

1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡು ಅವರನ್ನು ಸನ್ಮಾನಿಸಿ ಲಕ್ಷದ ಹತ್ತಿರ ಹತ್ತಿರ ಬರುವ ಒಂದು ನಿಧಿ ಅರ್ಪಿಸಿತು. ಆಗಿನ ಲಕ್ಷ ಅಂದರೆ ಬಸವನಗುಡಿಯಲ್ಲಿ ಮನೆಗಳೇ ಬರುತ್ತಿದ್ದವು. ಅಷ್ಟನ್ನೂ ಅವರು ಸಂಸ್ಥೆಗೆ ಕೊಟ್ಟುಬಿಟ್ಟರು. ಚೆಕ್ಕುಗಳನ್ನು ಟ್ರಂಕಿನಲ್ಲಿ ಇಟ್ಟದ್ದಕ್ಕೂ ಈ ನಿಧಿಯನ್ನು ಸಂಸ್ಥೆಗೆ ಕಟ್ಟಿದ್ದಕ್ಕೂ ಇರುವ ವ್ಯತ್ಯಾಸವನ್ನು ಸದಸ್ಯ ಬಂಧುಗಳು ಗಮನಿಸಬೇಕು. ಟ್ರಂಕಿನಲ್ಲಿ ಉಳಿದ ದುಡ್ಡು ಯಾರಿಗೂ ಕೆಲಸಕ್ಕೆ ಬರಲಿಲ್ಲ, ಅವರ ಕೈ ಮಾತ್ರ ಚೊಕ್ಕಟವಾಗಿ ಉಳಿಯಿತು. ಜನ ಕೊಟ್ಟ ದುಡ್ಡು ಸಂಸ್ಥೆಗೆ ಹೋಗಿ ಜನರ ಕೆಲಸವನ್ನೇ ಮಾಡಿತು. ನಮಗೆ ಎರಡನೇ ಡಿ.ವಿ.ಜಿ. ಹೆಚ್ಚು ಹಿತ.

ಇದೇ ಹೊತ್ತಿಗೆ ದಂಡಿನ ಕಡೆ ಇನ್ನೊಂದು ದಾರಿ ತೆರೆದಿತ್ತು ಅನ್ನುವುದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಕಂಟೋನ್ಮೆಂಟು 1947ರಲ್ಲಿ ಮೈಸೂರಿಗೆ ಮರಳಿತು, 1949ರಲ್ಲಿ ಎರಡು ಮುನಿಸಿಪಾಲಿಟಿಗಳೂ ಸೇರಿ ಒಂದು ಕಾರ್ಪೊರೇಷನ್ ಆಯಿತು. ನಡುವೆ, 1948ರಲ್ಲಿ, ವ್ಯಾಪಾರದಲ್ಲಿ ಗಳಿಸಿದ್ದ ಕೆ.ಎನ್. ಗುರುಸ್ವಾಮಿಯವರು ಈಗಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಡೆಕ್ಕನ್ ಹೆರಾಲ್ಡ್, ಪ್ರಜಾವಾಣಿ ಎರಡನ್ನೂ ಶುರು ಮಾಡಿದರು. ಬಂಡವಾಳ ಹಾಕಿ, ಯಂತ್ರ ತಂದು, ಜಾಹೀರಾತಿನಿಂದ ಬದುಕುವ ದಾರಿ ಅದು. ಅದು ನಿಂತಿತು, ಬೆಳೆಯಿತು, ಕನ್ನಡ ಓದುವವರ ಮನೆಮನೆಗೂ ಬಂತು. ವ್ಯಾಪಾರದ ಪತ್ರಿಕೆ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ರಾಜ್ಯಕ್ಕೆ, ದೇಶಕ್ಕೆ ಅದು ಬೇಕು. ಆದರೆ ಒಂದು ವಾರ್ಡಿನ ಚರಂಡಿಗೆ, ಒಂದು ಕೆರೆಯ ಒತ್ತುವರಿಗೆ, ಒಂದು ಸರ್ಕಾರಿ ಶಾಲೆಯ ಸೋರುವ ಮಾಡಿಗೆ ಅಷ್ಟು ದೊಡ್ಡ ಪತ್ರಿಕೆಯಲ್ಲಿ ಜಾಗ ಎಷ್ಟು ತಾನೇ ಸಿಕ್ಕೀತು? ಸಣ್ಣ ಊರಿನ ಸುದ್ದಿಯಿಂದ ಜಾಹೀರಾತು ಹುಟ್ಟುವುದಿಲ್ಲ.

ಡಿ.ವಿ.ಜಿ. ಹಿಡಿದ ದಾರಿ ಬರೀ ಬಸವನಗುಡಿಯ ಆದರ್ಶ ಅಂತ ಯಾರಾದರೂ ಅಂದುಕೊಂಡರೆ, ಹೊರಗೂ ನೋಡಬೇಕು. ಲಾಹೋರಿನಲ್ಲಿ ಸರ್ದಾರ್ ದಯಾಳ್ ಸಿಂಗ್ ಮಜೀಠಿಯಾ ಅವರು 1881ರಲ್ಲಿ ಟ್ರಿಬ್ಯೂನ್ ಪತ್ರಿಕೆ ಕಟ್ಟಿ, 1898ರಲ್ಲಿ ತೀರಿಕೊಳ್ಳುವಾಗ ಅದನ್ನು ಉಯಿಲಿನ ಮೂಲಕ ಟ್ರಸ್ಟಿಗೆ ಬಿಟ್ಟರು. ಆದಾಯ ತೆರಿಗೆಯವರು ಬಂದರು. ಪತ್ರಿಕೆ ಅಂದರೆ ವ್ಯಾಪಾರ, ಇದು ಹೇಗೆ ಧರ್ಮಕಾರ್ಯ ಆಗುತ್ತೆ ಅನ್ನುವುದು ತಕರಾರು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಪ್ರಾಂತ್ಯದ ಜನಕ್ಕೆ ಸುದ್ದಿ, ವಿಚಾರ ತಲುಪಿಸುವುದು ಸಾರ್ವಜನಿಕ ಉಪಯೋಗದ ಕೆಲಸವೇ ಅಂತ 1939ರಲ್ಲಿ ಅಲ್ಲಿ ತೀರ್ಮಾನವಾಯಿತು. ದೇಶ ವಿಭಜನೆಯಾಗಿ ಊರು ಬಿಟ್ಟು ಬಂದ ಮೇಲೂ ಆ ಪತ್ರಿಕೆ ಟ್ರಸ್ಟಿನ ಕೈಯಲ್ಲೇ ಚಂಡೀಗಢದಿಂದ ಹೊರಡುತ್ತಿದೆ. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ನಿನ ಸ್ಕಾಟ್ ಮನೆತನದವರು 1936ರಲ್ಲಿ ಅದೇ ಥರ ಪತ್ರಿಕೆಯನ್ನು ಟ್ರಸ್ಟಿಗೆ ಒಪ್ಪಿಸಿದರು.

ನಮ್ಮ ಬೆಂಗಳೂರಿನಲ್ಲೂ ಈಗ ಈ ದಾರಿಯಲ್ಲಿ ನಡೆಯುವವರಿದ್ದಾರೆ. ನಗರದ ವಾರ್ಡು, ನೀರು, ಕಸ, ಕೆರೆಗಳ ಸುದ್ದಿಯನ್ನೇ ಹಿಡಿದು 2008ರಲ್ಲಿ ಶುರುವಾದ ಸಿಟಿಜನ್ ಮ್ಯಾಟರ್ಸ್ ಎಂಬ ಪತ್ರಿಕೆಯನ್ನು ಊರ್ವಾಣಿ ಫೌಂಡೇಶನ್ ಎಂಬ ಲಾಭವಿಲ್ಲದ ಟ್ರಸ್ಟು ದಾನದ ಹಣದಿಂದ ನಡೆಸುತ್ತಿದೆ. ಇಂಡಿಪೆಂಡೆಂಟ್ ಅಂಡ್ ಪಬ್ಲಿಕ್ ಸ್ಪಿರಿಟೆಡ್ ಮೀಡಿಯಾ ಫೌಂಡೇಶನ್ ಅಂತ 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಂದು ಟ್ರಸ್ಟು ಇದೆ. ಅದು ದೇಶದ ಸಿರಿವಂತ ದಾನಿಗಳಿಂದ ಹಣ ಸೇರಿಸಿ, ಸ್ವತಂತ್ರವಾಗಿ ನಡೆಯುವ ಸುದ್ದಿ ಸಂಸ್ಥೆಗಳಿಗೆ ಸಹಾಯ ಮಾಡುತ್ತದೆ. 2022ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆಯವರು ಅದರ ಕಚೇರಿಗೂ ಹೋಗಿ ತಪಾಸಣೆ ಮಾಡಿದರು. ಟ್ರಿಬ್ಯೂನ್ ವ್ಯಾಜ್ಯ ಮುಗಿದು ಎಂಬತ್ತು ವರ್ಷ ದಾಟಿದ ಮೇಲೂ ಇಂಥ ದುಡ್ಡಿನ ಮೇಲೆ ಸರ್ಕಾರದ ಕಣ್ಣು ಹಾಗೇ ಇದೆ ಅಂತಾಯಿತು. ಲೆಕ್ಕ ಚೊಕ್ಕಟವಾಗಿ ಇಡದವರು ಈ ಕೆಲಸಕ್ಕೆ ಕೈ ಹಾಕಬಾರದು.

ಕಾನೂನಿನ ಕಟ್ಟುಗಳೂ ಇವೆ. ಸುದ್ದಿ ಪತ್ರಿಕೆ ನಡೆಸುವವರು ವಿದೇಶದಿಂದ ದಾನ ತೆಗೆದುಕೊಳ್ಳುವಂತಿಲ್ಲ, 2010ರ ವಿದೇಶಿ ವಂತಿಗೆ ಕಾಯ್ದೆ ಅದನ್ನು ನಿಷೇಧಿಸಿದೆ. ಸಾರ್ವಜನಿಕ ಉಪಯೋಗದ ಟ್ರಸ್ಟು ಅಂತ ತೆರಿಗೆ ವಿನಾಯಿತಿ ಪಡೆದರೆ ವ್ಯಾಪಾರದಂಥ ಬಾಬತ್ತಿನಿಂದ ಬರುವ ಹಣ ಒಟ್ಟು ಜಮೆಯಲ್ಲಿ ಶೇಕಡಾ 20 ಮೀರಬಾರದು ಅನ್ನುವ ಮಿತಿ ಇದೆ. ಅಂದರೆ ಜಾಹೀರಾತನ್ನು ನಂಬಿಕೊಂಡು ಧರ್ಮದ ಪತ್ರಿಕೆ ನಡೆಸಲಾಗುವುದಿಲ್ಲ. ದಾನವೇ ಬೇಕು, ಅದೂ ಇಲ್ಲಿಯವರದೇ ದಾನ. ದೊಡ್ಡವರು ಒಬ್ಬಿಬ್ಬರು ಕೊಟ್ಟರೆ ಪತ್ರಿಕೆ ಅವರ ಮುಖ ನೋಡುತ್ತೆ. ಸಾವಿರ ಜನ ನೂರು ನೂರು ರೂಪಾಯಿ ಕೊಟ್ಟರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಈಗ ನಮ್ಮ ಮನೆ ಬಾಗಿಲಿನ ಮಾತು. ನಮ್ಮ ಸಂಘ ಶುರುವಾದಾಗ ಇಲ್ಲಿ ಗ್ರಾಮ ಪಂಚಾಯಿತಿ ಇತ್ತು. ಅರಳಿಕಟ್ಟೆ ಹತ್ತಿರ ನಿಂತರೆ ಊರ ಸುದ್ದಿ ಪೂರ್ತಿ ಕಿವಿಗೆ ಬೀಳುತ್ತಿತ್ತು. 2007ರಲ್ಲಿ ಸುತ್ತಮುತ್ತಲ ನಗರಸಭೆಗಳೂ ನೂರಕ್ಕೂ ಹೆಚ್ಚು ಹಳ್ಳಿಗಳೂ ಬೃಹತ್ ಬೆಂಗಳೂರಿಗೆ ಸೇರಿದವು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ವಾರ್ಡಿಗೆ ಕೇಳುವ ಸದಸ್ಯರಿಲ್ಲ, ಬರೆಯುವ ಪತ್ರಿಕೆಯೂ ಇಲ್ಲ. ಕೆರೆ ಅಂಗಳಕ್ಕೆ ರಾತ್ರಿ ಮಣ್ಣು ಬೀಳುತ್ತೆ, ಬೆಳಗ್ಗೆ ಯಾರು ಹಾಕಿದರು ಅಂದರೆ ಯಾರಿಗೂ ಗೊತ್ತಿಲ್ಲ. ಖಾತೆಗೆ ಎಷ್ಟು ಕಟ್ಟಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊಬೈಲಿನಲ್ಲಿ ಸುದ್ದಿ ಬರುವುದಿಲ್ಲವೇ ಅಂತ ಕೇಳಬಹುದು. ಬರುತ್ತೆ, ಹೊಳೆಯ ಹಾಗೆ ಬರುತ್ತೆ. ಅದರಲ್ಲಿ ಯಾವುದು ನಿಜ ಅಂತ ಕಚೇರಿಗೆ ಹೋಗಿ, ಕಾಗದ ನೋಡಿ, ಎರಡು ಕಡೆಯವರನ್ನೂ ಕೇಳಿ ಬರೆಯುವವರು ಬೇಕಲ್ಲ? ಆ ಮನುಷ್ಯನಿಗೆ ಸಂಬಳ ಬೇಕು. ಅವನ ಮನೆಯಾಕೆಗೆ ಒಳ್ಳೆಯ ಸೀರೆ ಬೇಕು.

ಹಿಂದಿನ ಬ್ರಿಟಿಷ್ ಇಂಡಿಯಾದ 1912ರ ಸಹಕಾರ ಕಾಯ್ದೆಯಲ್ಲೇ ಒಂದು ಏರ್ಪಾಟಿತ್ತು. ನಿವ್ವಳ ಲಾಭದಲ್ಲಿ ಕಾಲು ಭಾಗ ಆಪದ್ಧನಕ್ಕೆ ತೆಗೆದಿಟ್ಟ ಮೇಲೆ, ಉಳಿದದ್ದರಲ್ಲಿ ಶೇಕಡಾ 10ರವರೆಗೆ ಧರ್ಮಾರ್ಥ ಕೆಲಸಕ್ಕೆ ಕೊಡಬಹುದು, ರಿಜಿಸ್ಟ್ರಾರರ ಒಪ್ಪಿಗೆ ಬೇಕು. ಆ ಧರ್ಮಾರ್ಥ ಅನ್ನುವ ಮಾತಿಗೆ 1890ರ ಕಾನೂನು ಕೊಟ್ಟ ಅರ್ಥದಲ್ಲಿ ಬಡವರ ಸಹಾಯ, ವಿದ್ಯೆ, ವೈದ್ಯದ ಜೊತೆಗೆ ಸಾರ್ವಜನಿಕ ಉಪಯೋಗದ ಇತರ ಕೆಲಸವೂ ಸೇರಿತ್ತು. ಟ್ರಿಬ್ಯೂನ್ ಗೆದ್ದದ್ದು ಅದೇ ಮಾತಿನ ಬಲದಿಂದ. ನಮಗೆ ಈಗ ಅನ್ವಯಿಸುವುದು 1959ರ ಕರ್ನಾಟಕದ ಕಾಯ್ದೆ ಮತ್ತು ನಮ್ಮದೇ ಬೈಲಾ. ಮಹಾಸಭೆಗೆ ಮುಂಚೆ ಆಡಿಟರ ಹತ್ತಿರ, ಇಲಾಖೆಯವರ ಹತ್ತಿರ ಕೇಳಿ ಎಷ್ಟಕ್ಕೆ ಅವಕಾಶವಿದೆ ಅಂತ ಖಚಿತ ಮಾಡಿಕೊಳ್ಳಬೇಕು.

ಗಣೇಶೋತ್ಸವಕ್ಕೆ ಕೊಡುತ್ತೇವೆ, ಶಾಲೆ ಮಕ್ಕಳ ಪುಸ್ತಕಕ್ಕೆ ಕೊಡುತ್ತೇವೆ, ಕಣ್ಣಿನ ತಪಾಸಣೆಗೆ ಕೊಡುತ್ತೇವೆ. ಕೃಷ್ಣರಾಜಪುರದಿಂದ ಹಲಸೂರಿನವರೆಗೆ ಇರುವ ನಮ್ಮಂಥ ಹತ್ತಾರು ಸಂಘಗಳು ಸೇರಿ, ಈ ಪೂರ್ವ ಭಾಗದ ಸುದ್ದಿಯನ್ನು ಕನ್ನಡದಲ್ಲಿ ಬರೆಯುವ ಒಂದು ಟ್ರಸ್ಟಿಗೆ ವರ್ಷಕ್ಕಿಷ್ಟು ಅಂತ ಕೊಟ್ಟರೆ ಆಗದ ಮಾತೇನಲ್ಲ. ಆಕ್ಷೇಪಣೆ ಏನು ಬರುತ್ತೆ ಅಂತ ನಮಗೆ ಗೊತ್ತು. ನಾಳೆ ಆ ಪತ್ರಿಕೆ ನಮ್ಮ ಸಂಘದ ವಿರುದ್ಧವೇ ಬರೆದರೆ? ಬರೆಯಲಿ. ಸಹಕಾರದಲ್ಲಿ ಹತ್ತು ಷೇರಿನವರಿಗೂ ಒಂದು ಓಟು, ನೂರು ಷೇರಿನವರಿಗೂ ಒಂದೇ ಓಟು. ಪತ್ರಿಕೆಗೆ ಕೊಟ್ಟವರಿಗೂ ಅದೇ ನಿಯಮ ಇರಬೇಕು. ಕೊಟ್ಟವರ ಹೆಸರು, ಮೊತ್ತ ವರ್ಷಕ್ಕೊಮ್ಮೆ ಅಚ್ಚಾಗಲಿ, ಸುದ್ದಿ ಮಾತ್ರ ಅಚ್ಚಾಗುವ ಮೊದಲು ಅವರ ಕೈಗೆ ಹೋಗದಿರಲಿ. ವಿಶ್ವೇಶ್ವರಯ್ಯನವರಂಥವರ ವಿಚಾರದಲ್ಲೇ ಡಿ.ವಿ.ಜಿ. ಬಿಟ್ಟುಕೊಡಲಿಲ್ಲ, ನಾವು ಯಾವ ಲೆಕ್ಕ?

ಡಿ.ವಿ.ಜಿ.ಯವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಡಿ.ಲಿಟ್. ಕೊಟ್ಟಿತು. ಗೀತೆಯ ಮೇಲೆ ಬರೆದ ಪುಸ್ತಕಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1974ರಲ್ಲಿ ಪದ್ಮಭೂಷಣ. 1975ರ ಅಕ್ಟೋಬರ್ 7ರಂದು, ಎಂಬತ್ತೆಂಟರ ವಯಸ್ಸಿನಲ್ಲಿ ಕಾಲವಾದರು. 1988ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪು ತಂದಿತು. ಗಾಂಧಿ ಬಜಾರಿನ ಹತ್ತಿರದ ರಸ್ತೆಗೆ ಅವರ ಹೆಸರಿದೆ, ಬ್ಯೂಗಲ್ ರಾಕ್ ಉದ್ಯಾನದಲ್ಲಿ ಪ್ರತಿಮೆ ಇದೆ. ಗೋಖಲೆ ಸಂಸ್ಥೆ ಈಗಲೂ ನರಸಿಂಹರಾಜ ಕಾಲೋನಿಯಲ್ಲಿ ನಡೆಯುತ್ತಿದೆ, ಗ್ರಂಥಾಲಯವಿದೆ, ಉಪನ್ಯಾಸಗಳಾಗುತ್ತವೆ. ನಮ್ಮ ಸದಸ್ಯರ ಮಕ್ಕಳು ನೋಡಿ ಬರಬೇಕೆಂದರೆ ಕೆ.ಆರ್. ಪುರದಲ್ಲಿ ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮೆಟ್ರೋಗೆ ಬದಲಾಯಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ ಸಾಕು, ಅರ್ಧ ದಿನದಲ್ಲಿ ಹೋಗಿ ಬರಬಹುದು.